ಜೀಪಿನ ಬೆಟರಿಯಿಂದ ಟಾರ್ಚಿಗೆ ಚಾರ್ಜು

ಆಟಿ ತಿಂಗಳ ಗಾಳಿಮಳೆಗೆ ನಮ್ಮ ಗುಡ್ಡೆಬದಿಯ ಊರುಗಳಲ್ಲಿ ಕರೆಂಟು ಹೋಯಿತೆಂದರೆ ಅದು ಮರಳಿ ಬರುವ ಹೊತ್ತನ್ನು ಹೇಳಬಲ್ಲವರಿಲ್ಲ. ಎಲ್ಲಿಯೋ ಒಂದು ಹಲಸಿನ ಮರ ತಂತಿಯ ಮೇಲೆ ಒರಗಿರುತ್ತದೆ. ಲೈನಿನ ಕೆಲಸದವರು ಪಾಪ, ಅದನ್ನು ಕಡಿದು ಮುಗಿಸುವಾಗ ಇನ್ನೊಂದು ಕಡೆ ಕಂಬವೇ ಬಿದ್ದಿರುತ್ತದೆ. ಒಂದು ವರ್ಷ ಹೀಗೆಯೇ ಕರೆಂಟಿಲ್ಲದ ಮೂರನೆಯ ರಾತ್ರಿ ನೆರೆಮನೆಯ ಅಜ್ಜಿಯೊಬ್ಬರಿಗೆ ಉಸಿರಾಟಕ್ಕೆ ಕಷ್ಟವಾಯಿತು. ಅವರ ಮನೆಯವರೆಗೆ ವಾಹನ ಹೋಗುವ ಮಾರ್ಗವಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು, ತೋಟದ ದರೆ ಇಳಿದು, ತೋಡಿಗೆ ಹಾಕಿದ ಅಡಕೆಮರದ ಸಂಕ ದಾಟಿ ಜೀಪಿನ ಬಳಿಗೆ ತರಬೇಕು. ಮುಂದಿನಿಂದ ಟಾರ್ಚು ಹಿಡಿದವನು ನಾನು. ಸಂಕದ ನಡುಮಧ್ಯದಲ್ಲಿ ಟಾರ್ಚು ಮಂಕಾಯಿತು. ಎರಡು ಸಲ ಮಿಣುಕಿ ಆರಿಹೋಯಿತು. ಹೊತ್ತವರು ಅಲ್ಲಲ್ಲಿಯೇ ನಿಂತರು. ಕೆಳಗೆ ತೋಡು ಕೆಂಪು ನೀರು ತುಂಬಿ ಮೊರೆಯುತ್ತಿತ್ತು. ಕಾಲಿನಿಂದ ತಡವುತ್ತ ಆಚೆಗೆ ಮುಟ್ಟಿದೆವು. ಅಜ್ಜಿಯೂ ಆಸ್ಪತ್ರೆ ಸೇರಿ ಗುಣವಾಗಿ ಬಂದರು.

ಮೊಬೈಲಿನ ದೀಪವಿರಲಿಲ್ಲವೇ ಎಂದು ಕೆಲವರು ಕೇಳಬಹುದು. ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಮೊಬೈಲಿನ ಅವಸ್ಥೆಯೂ ಟಾರ್ಚಿನದೇ. ಆದರೆ ಆ ರಾತ್ರಿ ನನ್ನನ್ನು ಹೆಚ್ಚು ಚುಚ್ಚಿದ ವಿಚಾರ ಬೇರೆ. ತೋಡಿನ ಆಚೆ ನಿಂತಿದ್ದ ಜೀಪಿನೊಳಗೆ 15 ಕಿಲೋ ತೂಗುವ ಬೆಟರಿಯೊಂದು ವಿದ್ಯುತ್ತು ತುಂಬಿಕೊಂಡು ಕುಳಿತಿತ್ತು. ಅದರ ಐವತ್ತರಲ್ಲಿ ಒಂದು ಪಾಲು ಸಿಕ್ಕಿದ್ದರೆ ನನ್ನ ಟಾರ್ಚು ಹೊಟ್ಟೆ ತುಂಬ ಉಣ್ಣುತ್ತಿತ್ತು. ಅದನ್ನು ತೆಗೆದುಕೊಳ್ಳುವ ಕ್ರಮವನ್ನು ನಾವು ಮಾಡಿಟ್ಟಿರಲಿಲ್ಲ, ಅಷ್ಟೆ.

ಆ ಕ್ರಮವನ್ನೇ ಈ ವಾರ ವಿಚಾರಿಸೋಣ. ಕೆಲಸ ಕಠಿಣವಲ್ಲ. ಆದರೆ ಅದರಲ್ಲಿ ಒಂದು ಅಪಾಯವಿದೆ. ಅದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಸುಟ್ಟ ವಾಸನೆಯಿಂದ ಕಲಿತದ್ದು. ಆ ಸಂಗತಿ ಮುಂದೆ ಬರುತ್ತದೆ.

ಮೊದಲು ಕೈಯಲ್ಲಿರುವ ಟಾರ್ಚು ಯಾವ ಜಾತಿಯದೆಂದು ತಿಳಿಯಬೇಕು. ನಮ್ಮ ಹಿರಿಯರು ಬಯಲಾಟಕ್ಕೆ ಹೋಗುವಾಗ ಒಣಮಡಲಿನ ಸೂಟೆ ಬೀಸಿಕೊಂಡು ಹೋಗುತ್ತಿದ್ದರು. ಅನಂತರ ಬಂದದ್ದು ಎರಡು ಅಥವಾ ಮೂರು ಸೆಲ್ಲಿನ ಟಾರ್ಚು. ಅದರ ಒಣ ಸೆಲ್ಲು ಒಂದೊಂದೂ ಒಂದೂವರೆ ವೋಲ್ಟಿನದು. 1866ರಲ್ಲಿ ಲೆಕ್ಲಾಂಶೆ ಎಂಬ ಫ್ರೆಂಚ್ ವಿಜ್ಞಾನಿ ಮಾಡಿದ ಕೋಶದ ಸಂತತಿ ಅದು. ಮುಗಿದ ಮೇಲೆ ಬಿಸಾಡತಕ್ಕದ್ದು. ಅದಕ್ಕೆ ಚಾರ್ಜು ಕೊಡಲು ಹೋಗಬಾರದು. ಸೋರುತ್ತದೆ, ಒಡೆಯಲೂಬಹುದು.

ಎರಡನೆಯದು ಜಾತ್ರೆಯ ಸಂತೆಯಿಂದ ಹಿಡಿದು ಎಲ್ಲ ಅಂಗಡಿಗಳಲ್ಲಿ ಸಿಗುವ, ಹಿಂಬದಿಯಲ್ಲಿ ಎರಡು ಮುಳ್ಳು ಹೊರಗೆಳೆದು ಗೋಡೆಯ ಪ್ಲಗ್ಗಿಗೆ ಚುಚ್ಚುವ ಟಾರ್ಚು. ಅದರ ಹೊಟ್ಟೆಯಲ್ಲಿ ಬಹುಮಟ್ಟಿಗೆ 4 ವೋಲ್ಟಿನ ಪುಟ್ಟ ಸೀಸದ ಬೆಟರಿ ಇರುತ್ತದೆ. ಸೀಸದ ಬೆಟರಿಯನ್ನು ಪ್ಲಾಂತೆ ಎಂಬವರು ಕಂಡುಹಿಡಿದದ್ದು 1859ರಲ್ಲಿ. ಜೀಪಿನದೂ ಅದೇ ವಂಶ. ಇದು ಮರಿ, ಅದು ತಾಯಿ ಎನ್ನಬಹುದು. ಹಾಗೆಂದು ಮರಿಯನ್ನು ತಾಯಿಗೆ ನೇರವಾಗಿ ಕಟ್ಟಿದರೆ ಮರಿ ಕುದಿದು ಉಬ್ಬಿ ಒಡೆದೀತು. 4 ವೋಲ್ಟಿನದಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು ಕೊಟ್ಟರೆ ಸಾಕು, ಜೀಪಿನಲ್ಲಿರುವುದು ಅದರ ಮೂರು ಪಾಲು.

ಮೂರನೆಯದು ಲಿಥಿಯಂ ಸೆಲ್ಲಿನ ಟಾರ್ಚು. 1991ರಲ್ಲಿ ಜಪಾನಿನ ಸೋನಿ ಕಂಪೆನಿ ಇದನ್ನು ಮಾರುಕಟ್ಟೆಗೆ ತಂದಿತು. ಇದರ ಮೂಲಸಂಶೋಧನೆ ಮಾಡಿದ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂತು. ಟಾರ್ಚಿನಲ್ಲಿ ಹೆಚ್ಚಾಗಿ ಇರುವುದು 18650 ಎಂದು ಅಂಕೆ ಬರೆದ ಸೆಲ್ಲು. 18 ಎಂದರೆ ಅಡ್ಡಗಲ 18 ಮಿಲಿಮೀಟರು, 65 ಎಂದರೆ ಉದ್ದ 65 ಮಿಲಿಮೀಟರು. ಇದರ ಸಾಮಾನ್ಯ ಒತ್ತಡ 3.7 ವೋಲ್ಟು, ತುಂಬಿದಾಗ 4.2. ಆ ಗೆರೆಯನ್ನು ದಾಟಿಸಬಾರದು. ದಾಟಿಸಿದರೆ ಸೆಲ್ಲು ಬಿಸಿಯಾಗಿ ಬೆಂಕಿ ಹಿಡಿಯುವ ಸಂಭವವಿದೆ. ಆದಕಾರಣ ಒಳ್ಳೆಯ ಟಾರ್ಚುಗಳಲ್ಲಿ 4.2ಕ್ಕೆ ತಾನಾಗಿ ನಿಲ್ಲಿಸುವ ಏರ್ಪಾಡು ಒಳಗೇ ಇರುತ್ತದೆ. ಹೊರಗಿನಿಂದ 5 ವೋಲ್ಟು ಕೊಟ್ಟರೆ ಸಾಕು. ಮೊಬೈಲಿಗೆ ಕೊಡುವುದೂ ಅದೇ 5 ವೋಲ್ಟು. ವಾಹನದಲ್ಲಿ ಚಾರ್ಜಿನ ಏರ್ಪಾಡು ಮಾಡುವವರು ಈ ಮೂರನೆಯ ಜಾತಿಯ, ಮೊಬೈಲಿನಂತೆ ಯುಎಸ್‌ಬಿ ಬಾಯಿ ಇರುವ ಟಾರ್ಚನ್ನೇ ಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಎರಡನೆಯ ಜಾತಿಯಲ್ಲಿಯೂ ಈಗ ಕೆಲವಕ್ಕೆ ಆ ಬಾಯಿ ಇರುತ್ತದೆ. ಇದ್ದರೆ ಅದೂ ಆದೀತು.

ಇನ್ನು ವಾಹನದ ಕಡೆಗೆ ಬರೋಣ. ಜೀಪು, ಕಾರು, ಪಿಕಪ್ಪುಗಳಲ್ಲಿ 12 ವೋಲ್ಟಿನ ಬೆಟರಿ ಎಂದು ನಾವು ಹೇಳುತ್ತೇವೆ. 12 ಎಂಬುದು ಹೆಸರು ಮಾತ್ರ. ಅದರೊಳಗೆ ಆರು ಕೋಣೆಗಳು. ತುಂಬಿ ಸುಮ್ಮನೆ ಕುಳಿತಾಗ ಕೋಣೆಗೆ ಎರಡು ವೋಲ್ಟಿಗಿಂತ ತುಸು ಹೆಚ್ಚು, ಒಟ್ಟು 12.6ರ ಸುಮಾರು. ಇಂಜಿನು ತಿರುಗುವಾಗ ಅದೇ ತಂತಿಯಲ್ಲಿ 14ರ ಆಸುಪಾಸು. ಸ್ಟಾರ್ಟು ಮಾಡುವ ಕ್ಷಣದಲ್ಲಿ ಹತ್ತಕ್ಕೂ ಇಳಿಯುತ್ತದೆ. ಹೀಗೆ ಏರಿಳಿಯುವುದನ್ನು ಯಾವಾಗಲೂ 5 ವೋಲ್ಟಾಗಿ ಮಾಡಿಕೊಡಲು ನಡುವೆ ಒಂದು ಸಾಧನ ಬೇಕು. ಅಂಗಡಿಯಲ್ಲಿ ಕಾರ್ ಚಾರ್ಜರು ಎಂದು ಕೇಳಿದರೆ ಅದನ್ನೇ ಕೊಡುತ್ತಾರೆ. ಡಬ್ಬಿಯ ಮೇಲೆ ‘ಇನ್‌ಪುಟ್’ ಎಂದಿರುವಲ್ಲಿ 12–24 ವೋಲ್ಟು, ‘ಔಟ್‌ಪುಟ್’ ಎಂದಿರುವಲ್ಲಿ 5 ವೋಲ್ಟು ಎಂದು ಇದೆಯೇ ನೋಡಬೇಕು. ಬರಹ ಇಂಗ್ಲಿಷಿನಲ್ಲಿರುತ್ತದೆ. ಓದಲು ತಿಳಿಯದವರು ಸಂಕೋಚಪಡದೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಬೇಕು, ಅಂಗಡಿಯವರ ಬಾಯಿಮಾತು ಸಾಲದು.

ಕೆಲವರು ಕೇಳುವುದುಂಟು: ಒಂದು ರೆಸಿಸ್ಟರು ಹಾಕಿ ವೋಲ್ಟು ಇಳಿಸಿದರಾಗದೆ? ಲೆಕ್ಕದಲ್ಲಿ ಆಗುತ್ತದೆ. 14 ವೋಲ್ಟಿನಿಂದ 4 ವೋಲ್ಟಿನ ಪುಟ್ಟ ಬೆಟರಿಗೆ ನಡುವೆ 100 ಓಮಿನ ರೆಸಿಸ್ಟರು ಇಟ್ಟರೆ ಆಂಪಿಯರಿನ ಹತ್ತನೆಯ ಒಂದು ಪಾಲು ಹರಿಯುತ್ತದೆ. ಓಮನ ನಿಯಮ ಕಲಿಸುವಾಗ ಮಕ್ಕಳಿಗೆ ಈ ಲೆಕ್ಕ ಕೊಡುವುದು ಚೆನ್ನ. ಆದರೆ ಆ ರೆಸಿಸ್ಟರಿಗೆ ‘ಸಾಕು’ ಎನ್ನಲು ತಿಳಿಯದು. ಬೆಟರಿ ತುಂಬಿದ ಮೇಲೂ ತುಂಬುತ್ತಲೇ ಇರುತ್ತದೆ. ಲಿಥಿಯಂ ಸೆಲ್ಲಿಗಂತೂ ಈ ಪ್ರಯೋಗವನ್ನು ಕನಸಿನಲ್ಲಿಯೂ ಮಾಡಬಾರದು.

ಟಾರ್ಚು ಎಷ್ಟು ಉಣ್ಣುತ್ತದೆ? 3000 ಮಿಲಿಆಂಪಿಯರ್ ಗಂಟೆಯ ಸೆಲ್ಲು ಎಂದರೆ 3 ಆಂಪಿಯರ್ ಗಂಟೆ. ಅದನ್ನು 3.7ರಿಂದ ಗುಣಿಸಿದರೆ 11 ವಾಟ್ ಗಂಟೆ. ನಡುವೆ ಬಿಸಿಯಾಗಿ ಹೋಗುವುದನ್ನೂ ಸೇರಿಸಿ 15 ಎಂದಿಟ್ಟುಕೊಳ್ಳೋಣ. ಇದನ್ನು ಜೀಪಿನ ಹನ್ನೆರಡೂವರೆ ವೋಲ್ಟಿನಿಂದ ಭಾಗಿಸಿದರೆ 1.2 ಆಂಪಿಯರ್ ಗಂಟೆ. ಜೀಪಿನ ಬೆಟರಿ 60ರದಾದರೆ ನೂರರಲ್ಲಿ ಎರಡು ಪಾಲು. ಇಷ್ಟಕ್ಕೆ ಜೀಪು ಸ್ಟಾರ್ಟಾಗದೆ ನಿಲ್ಲುವುದಿಲ್ಲ. ಇಂಜಿನು ತಿರುಗುವಾಗ ಕೊಟ್ಟರಂತೂ ಆ ನಷ್ಟವೂ ಇಲ್ಲ.

ಈಗ ಸುಟ್ಟ ವಾಸನೆಯ ಸಂಗತಿ. ಅಜ್ಜಿಯನ್ನು ಹೊತ್ತ ಆ ರಾತ್ರಿಯ ಮರುವಾರವೇ ನಾನು ಚಾರ್ಜರು ತಂದು ಉತ್ಸಾಹದಿಂದ ಜೋಡಿಸಿದೆ. ಮನೆಯಲ್ಲಿ ಉಳಿದಿದ್ದ ಕಾಲಿಂಗ್ ಬೆಲ್ಲಿನ ಸಪೂರ ವಯರು, ಒಂದು ತುದಿ ಬೆಟರಿಯ ಧನಧ್ರುವಕ್ಕೆ, ಒಂದು ತುದಿ ಡ್ಯಾಶ್‌ಬೋರ್ಡಿನ ಕೆಳಗೆ. ಬಾನೆಟ್ಟಿನಿಂದ ಒಳಗೆ ಬರುವಲ್ಲಿ ತಗಡಿನ ಒಂದು ತೂತಿತ್ತು, ಅದರಲ್ಲಿಯೇ ತೂರಿಸಿದೆ. ಟಾರ್ಚು ಚಾರ್ಜಾಯಿತು. ಮನೆಮಂದಿಗೆಲ್ಲ ತೋರಿಸಿದೆ. ನೆರೆಯ ರಿಕ್ಷಾದವರೊಬ್ಬರು ನೋಡಿ, “ಮಾಷ್ಟ್ರೇ, ಇದಕ್ಕೆ ಫ್ಯೂಸು ಬೇಡವೋ?” ಎಂದರು. “ಇಷ್ಟು ಚಿಕ್ಕ ಟಾರ್ಚಿಗೆ ಎಂತ ಫ್ಯೂಸು?” ಎಂದೆ.

ಮೂರು ತಿಂಗಳು ಕಳೆಯಿತು. ನಮ್ಮ ಮಾರ್ಗದ ಹೊಂಡಗಳಲ್ಲಿ ಕುಣಿಯುತ್ತ ಆ ತಗಡಿನ ಅಂಚು ವಯರಿನ ತೊಗಲನ್ನು ತಿನ್ನುತ್ತ ಬಂದದ್ದು ನನಗೆ ಕಾಣುವಂತಿರಲಿಲ್ಲ. ಒಂದು ದಿನ ಗೊಬ್ಬರದ ಚೀಲ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಪ್ಲಾಸ್ಟಿಕ್ಕು ಬೆಂದ ವಾಸನೆ. ಹಿಂದಿನಿಂದಲೇ ಕಾಲಿನ ಬಳಿಯಿಂದ ಹೊಗೆ. ಜೀಪು ನಿಲ್ಲಿಸಿ ಕೀ ತಿರುಗಿಸಿದೆ. ಹೊಗೆ ನಿಲ್ಲಲಿಲ್ಲ. ನಿಲ್ಲುವುದು ಹೇಗೆ? ನಾನು ವಯರು ತಂದದ್ದು ಕೀಯಿಂದಲ್ಲ, ನೇರ ಬೆಟರಿಯಿಂದ. ಟರ್ಮಿನಲ್ ಬಿಚ್ಚಲು ಸ್ಪಾನರು ಬೇಕು. ಅದು ಗೊಬ್ಬರದ ಚೀಲಗಳ ಅಡಿಯಲ್ಲಿ. ಕೊನೆಗೆ ಸೀಟಿನ ಬದಿಯಲ್ಲಿದ್ದ ಕತ್ತಿಯಿಂದ ವಯರನ್ನೇ ಕಡಿದೆ. ಆಮೇಲೆ ಬಾನೆಟ್ಟು ಎತ್ತಿ ನೋಡಿದಾಗ ವಯರಿನ ತೊಗಲು ಕರಗಿ ಪಕ್ಕದ ನಾಲ್ಕು ವಯರುಗಳಿಗೂ ಹಿಡಿದಿತ್ತು. ಡೀಸೆಲ್ ಕೊಳವೆ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು.

ಇದರ ಕಾರಣವನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕು. ನಮ್ಮಲ್ಲಿ ಬಹುಮಂದಿಗೆ, ಮನೆಯ 230 ವೋಲ್ಟು ಹೊಡೆಯುತ್ತದೆ, ವಾಹನದ 12 ವೋಲ್ಟು ಏನೂ ಮಾಡದು ಎಂಬ ಭಾವನೆಯಿದೆ. ಒಣಕೈಯಿಂದ ಮುಟ್ಟಿದರೆ 12 ವೋಲ್ಟು ಶಾಕು ಹೊಡೆಯುವುದಿಲ್ಲ, ನಿಜ. ಆದರೆ ವಯರನ್ನು ಬಿಸಿಮಾಡುವುದು ಹರಿಯುವ ಆಂಪಿಯರು. ಸ್ಟಾರ್ಟರನ್ನು ತಿರುಗಿಸಲು ನೂರಾರು ಆಂಪಿಯರು ಕೊಡಬಲ್ಲ ಬೆಟರಿ ಅದು. ವಾಹನದ ಮೈಯೆಲ್ಲ ಋಣಧ್ರುವಕ್ಕೆ ಸೇರಿದ ಲೋಹ. ಧನಧ್ರುವದ ವಯರು ಎಲ್ಲಿ ಮೈಗೆ ತಾಗಿದರೂ ಬೆಟರಿ ತನ್ನ ಶಕ್ತಿಯನ್ನೆಲ್ಲ ಆ ಸಪೂರ ವಯರಿನಲ್ಲಿ ಸುರಿಯುತ್ತದೆ. ಟಾರ್ಚು ಚಿಕ್ಕದೋ ದೊಡ್ಡದೋ ಎಂಬ ಪ್ರಶ್ನೆಯೇ ಅಲ್ಲಿಲ್ಲ, ಏಕೆಂದರೆ ಆ ಕರೆಂಟು ಟಾರ್ಚಿನವರೆಗೆ ಬರುವುದೇ ಇಲ್ಲ. ಫ್ಯೂಸು ಇರುವುದು ಟಾರ್ಚಿಗಾಗಿ ಅಲ್ಲ, ವಯರಿಗಾಗಿ. ಆದ್ದರಿಂದ ಅದು ಇರಬೇಕಾದ ಸ್ಥಳ ಟಾರ್ಚಿನ ಬಳಿ ಅಲ್ಲ, ಬೆಟರಿಯ ಬಳಿ. ಧನಧ್ರುವದಿಂದ ಒಂದು ಗೇಣಿನೊಳಗೆ. ಬೆಟರಿಗೂ ಫ್ಯೂಸಿಗೂ ನಡುವಣ ವಯರಿಗೆ ಮಾತ್ರ ರಕ್ಷಣೆಯಿಲ್ಲ. ಅದು ಗಿಡ್ಡವಾದಷ್ಟೂ ಒಳ್ಳೆಯದು.

ಎಷ್ಟು ಆಂಪಿಯರಿನ ಫ್ಯೂಸು? 5 ವೋಲ್ಟಿನಲ್ಲಿ 2 ಆಂಪಿಯರು ಕೊಡುವ ಚಾರ್ಜರು ಬೆಟರಿಯಿಂದ ಎಳೆಯುವುದು ಸುಮಾರು 1 ಆಂಪಿಯರು ಮಾತ್ರ. ಆದುದರಿಂದ 3 ಆಂಪಿಯರಿನದು ಸಾಕು. ಈಗಿನ ಚಪ್ಪಟೆ ಫ್ಯೂಸುಗಳನ್ನು ಬಣ್ಣದಿಂದ ಗುರುತಿಸಬಹುದು. 3 ನೇರಳೆ, 5 ತಿಳಿಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸುರು. ಚಾರ್ಜರಿಗೆ ಎರಡು ಬಾಯಿಯಿದ್ದು ಬೇಗ ಚಾರ್ಜು ಮಾಡುವ ಬಗೆಯದಾದರೆ 5 ಹಾಕಬಹುದು. ಅದಕ್ಕಿಂತ ಹೆಚ್ಚಿನದು ಬೇಡ. ವಯರು ಒಂದು ಚದರ ಮಿಲಿಮೀಟರಿನ, ಎಳೆ ಎಳೆಯಾಗಿರುವ ತಾಮ್ರದ್ದಿರಲಿ. ಫ್ಯೂಸು ಹೋಯಿತೆಂದು ಸಿಗರೇಟಿನ ಬೆಳ್ಳಿ ಕಾಗದ ಸುತ್ತುವ ಬುದ್ಧಿವಂತರನ್ನು ಕಂಡಿದ್ದೇನೆ. ಅವರಿಗೆ ಹೇಳುವುದೇನೂ ಇಲ್ಲ. ಅವರ ವಾಹನದ ಪಕ್ಕ ನಮ್ಮ ವಾಹನ ನಿಲ್ಲಿಸದಿದ್ದರಾಯಿತು.

ಜೋಡಿಸುವ ಕ್ರಮ ಹೀಗೆ. ವಾಹನದಲ್ಲಿ ಸಿಗರೇಟ್ ಲೈಟರಿನ ತೂತು ಮೊದಲೇ ಇದ್ದರೆ ಏನನ್ನೂ ಕಡಿಯುವ ಕೆಲಸವಿಲ್ಲ. ಅದಕ್ಕೆ ಕಂಪೆನಿಯೇ ಫ್ಯೂಸು ಇಟ್ಟಿರುತ್ತದೆ. ಚಾರ್ಜರನ್ನು ಅದಕ್ಕೆ ಚುಚ್ಚಿದರೆ ಮುಗಿಯಿತು. ವಾರಂಟಿಯಿರುವ ಹೊಸ ವಾಹನದವರು ಇಷ್ಟಕ್ಕೇ ನಿಲ್ಲಬೇಕು. ಹೊಸ ಕಾರುಗಳಲ್ಲಿ ಹಳದಿ ಹೊದಿಕೆಯ ವಯರುಗಳು ಸಾಮಾನ್ಯವಾಗಿ ಗಾಳಿಚೀಲಕ್ಕೆ ಸಂಬಂಧಿಸಿದವು. ಅವನ್ನು ಚುಚ್ಚಿ ನೋಡುವುದು ಕೂಡದು.

ಹಳೆಯ ಜೀಪು, ಪಿಕಪ್ಪಿನವರು ಹೀಗೆ ಮಾಡಬಹುದು. ಕೈಯ ಉಂಗುರ, ವಾಚು, ಬಳೆ ತೆಗೆದಿಡಬೇಕು. ಎರಡು ಧ್ರುವಗಳ ನಡುವೆ ಉಂಗುರ ಸಿಕ್ಕಿದರೆ ಬೆರಳಿನ ಸುತ್ತ ಕೆಂಡ ಕಟ್ಟಿದಂತೆ. ಬೀಡಿ ದೂರವಿರಲಿ. ಚಾರ್ಜಾಗುವ ಬೆಟರಿಯಿಂದ ಜಲಜನಕ ಅನಿಲ ಬರುತ್ತದೆ, ಅದು ಕಿಡಿ ತಾಗಿದರೆ ಸಿಡಿಯುತ್ತದೆ. ಮೊದಲು ಬಿಚ್ಚಬೇಕಾದ್ದು ಋಣಧ್ರುವ, ಕಡೆಗೆ ಕಟ್ಟಬೇಕಾದ್ದೂ ಅದನ್ನೇ. ಧನಧ್ರುವವನ್ನು ಮೊದಲು ಬಿಚ್ಚಹೋದರೆ ಸ್ಪಾನರಿನ ಇನ್ನೊಂದು ತುದಿ ಬಾನೆಟ್ಟಿಗೆ ತಾಗಿ ಕಿಡಿ ಹಾರೀತು. ಋಣಧ್ರುವ ಬಿಚ್ಚಿದ ಮೇಲೆ ಆ ಹೆದರಿಕೆಯಿಲ್ಲ. ಆಮೇಲೆ ಧನಧ್ರುವದಿಂದ ಫ್ಯೂಸಿನ ಗೂಡಿಗೆ, ಅಲ್ಲಿಂದ ಒಳಗೆ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಚಾರ್ಜರಿನ ಕೆಂಪು ವಯರಿಗೆ. ಕಪ್ಪು ವಯರು ಬಣ್ಣ ಕೆರೆದು ಹೊಳೆಯುವಂತೆ ಮಾಡಿದ ಮೈಯ ಬೋಲ್ಟಿಗೆ. ತೂತಿನಲ್ಲಿ ವಯರು ದಾಟುವಲ್ಲೆಲ್ಲ ರಬ್ಬರಿನ ಬುಶ್ಶು ಹಾಕಲೇಬೇಕು. ನನ್ನ ಜೀಪನ್ನು ಸುಡಹೊರಟದ್ದು ಆ ಒಂದು ಬುಶ್ಶಿನ ಕೊರತೆ. ವಯರುಗಳನ್ನು ತಿರುಚಿ ಟೇಪು ಸುತ್ತಿದರೆ ಇಂಜಿನಿನ ಬಿಸಿಗೆ ಅಂಟು ಕರಗಿ ಬಿಚ್ಚುತ್ತದೆ. ಒತ್ತಿ ಕೂರಿಸುವ ಲಗ್ಗು ಹಾಕಿಸಿದರೆ ಬಾಳಿಕೆ ಬರುತ್ತದೆ. ಆಟೋ ಇಲೆಕ್ಟ್ರಿಷಿಯನರಲ್ಲಿ ಅದರ ಇಕ್ಕುಳವಿರುತ್ತದೆ. ಬುಶ್ಶು, ಫ್ಯೂಸು, ಗೂಡು ಎಲ್ಲ ಸೇರಿ ನಾಲ್ಕಾರು ತೆಂಗಿನಕಾಯಿಯ ಬೆಲೆ ಆದೀತು.

ಸ್ವಿಚ್ಚು ಏಕೆ ಎಂದರೆ, ಟಾರ್ಚು ಚುಚ್ಚದಿದ್ದರೂ ಚಾರ್ಜರು ತನ್ನ ಪಾಡಿಗೆ ಸ್ವಲ್ಪ ಕುಡಿಯುತ್ತಿರುತ್ತದೆ. ಅದರ ಪುಟ್ಟ ದೀಪ ಉರಿಯುವುದೇ ಅದಕ್ಕೆ ಸಾಕ್ಷಿ. 20 ಮಿಲಿಆಂಪಿಯರು ಎಂದು ಹಿಡಿದರೆ ದಿನಕ್ಕೆ ಅರ್ಧ ಆಂಪಿಯರ್ ಗಂಟೆಗೆ ತುಸು ಕಡಿಮೆ, ತಿಂಗಳಿಗೆ ಹದಿನಾಲ್ಕೂವರೆ. ಮಳೆಗಾಲದಲ್ಲಿ ತಿಂಗಳು ಕೊಟ್ಟಿಗೆಯಲ್ಲಿ ನಿಂತ ಜೀಪು ಇದರಿಂದಲೇ ಕಾಲು ಪಾಲು ಬರಿದಾದೀತು. 5 ಆಂಪಿಯರ್ ಗಂಟೆಯ ಬೈಕಿನ ಬೆಟರಿಯಾದರೆ ಹತ್ತು ದಿನಗಳಲ್ಲಿ ಪೂರ್ತಿ ಖಾಲಿ. ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ವಯರಿನಿಂದ ತೆಗೆದರೆ ಈ ಚಿಂತೆಯಿಲ್ಲ, ಸ್ವಿಚ್ಚು ಮರೆಯುವ ಭಯವೂ ಇಲ್ಲ. ಆದರೆ ರಾತ್ರಿ ತೋಟದಂಚಿನಲ್ಲಿ ಕೀ ಕಿಸೆಯಲ್ಲಿಟ್ಟುಕೊಂಡು ಟಾರ್ಚನ್ನು ಚಾರ್ಜಿಗಿಡಬೇಕೆನ್ನುವವರಿಗೆ ಸ್ವಿಚ್ಚಿನ ಏರ್ಪಾಡೇ ಅನುಕೂಲ. ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆಯ ತೋಟಿಗರು ಆನೆ ಇಳಿಯುವ ಹಾದಿಯಲ್ಲಿ ರಾತ್ರಿ ಕಳೆಯಬೇಕಾಗುವುದುಂಟು. ಅವರಿಗೆ ನಾನು ಇದನ್ನೇ ಹೇಳುತ್ತೇನೆ.

ಟಾರ್ಚು ಇಡುವ ಸ್ಥಳವೂ ಮುಖ್ಯ. ಗಾಜಿನ ಕೆಳಗೆ ಡ್ಯಾಶ್‌ಬೋರ್ಡಿನ ಮೇಲೆ ಇಡುವ ಅಭ್ಯಾಸ ಹಲವರಿಗಿದೆ. ನಮ್ಮ ಎಪ್ರಿಲ್ ತಿಂಗಳ ಬಿಸಿಲಿಗೆ ಮುಚ್ಚಿದ ವಾಹನದೊಳಗೆ ಅಲ್ಲಿ ಕೈ ಇಡಲಾಗದು. ಲಿಥಿಯಂ ಸೆಲ್ಲನ್ನು 45 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿನ ಬಿಸಿಯಲ್ಲಿ ಚಾರ್ಜು ಮಾಡಬಾರದು. ಸುಮ್ಮನೆ ಇಟ್ಟರೂ ಆಯುಸ್ಸು ಕುಂದುತ್ತದೆ. ಚಾಲಕನ ಕಾಲಿನ ಬಳಿಯೂ ಬೇಡ. ಉರುಳಿ ಬ್ರೇಕಿನ ಅಡಿಗೆ ಹೋದರೆ ಗತಿಯೇನು? ನಾನು ಎಡಬದಿಯ ಸೀಟಿನ ಕೆಳಗೆ ಪೈಪು ಹಿಡಿಸುವ ಕ್ಲಾಂಪು ಎರಡು ಬಡಿದು, ಒಳಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಟಾರ್ಚನ್ನು ಕೂರಿಸಿದ್ದೇನೆ. ಕುಲುಕಿದರೂ ಕದಲದು, ಕತ್ತಲಲ್ಲಿ ಕೈಗೆ ನೇರ ಸಿಗುತ್ತದೆ. ಟಾರ್ಪಾಲಿನ ಮಾಡಿನ ಜೀಪಿನವರು ಚಾರ್ಜರಿನ ಬಾಯಿಯನ್ನು ಕೆಳಮುಖವಾಗಿ ಇಟ್ಟು, ಬರುವ ವಯರನ್ನು ಒಮ್ಮೆ ಕೆಳಕ್ಕೆ ಜೋಲಿಸಿ ಮೇಲೆತ್ತಿದರೆ ವಯರಿನ ಮೇಲೆ ಹರಿದ ಮಳೆನೀರು ಜೋಲಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ಗೋಡೆಗೆ ಚುಚ್ಚುವ ಟಾರ್ಚನ್ನು ವಾಹನದಲ್ಲಿ ಇನ್ವರ್ಟರು ಇಟ್ಟು ಚಾರ್ಜು ಮಾಡುವವರಿದ್ದಾರೆ. ಅಗ್ಗದ ಇನ್ವರ್ಟರಿನ ವಿದ್ಯುತ್ತಿನ ಅಲೆ ಮನೆಯದರಂತೆ ನಯವಾಗಿರದೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಆ ಟಾರ್ಚುಗಳ ಒಳಗಿನ ಕೆಪಾಸಿಟರಿನ ಏರ್ಪಾಡಿಗೆ ಅದು ಒಗ್ಗದು, ಹೆಚ್ಚು ಕರೆಂಟು ಹರಿದು ಸುಟ್ಟುಹೋಗುವ ಸಂಭವವಿದೆ. ಚುಚ್ಚಿರುವಾಗ ಆ ಟಾರ್ಚಿನ ಒಳಭಾಗ ಮುಟ್ಟಿದರೆ ಶಾಕೂ ಹೊಡೆಯುತ್ತದೆ. ದೊಡ್ಡ ಲಾರಿ, ಬಸ್ಸುಗಳಲ್ಲಿ 24 ವೋಲ್ಟು ಇರುವುದರಿಂದ 12ರದ್ದೆಂದು ಮಾತ್ರ ಬರೆದ ಚಾರ್ಜರು ಅಲ್ಲಿ ನಡೆಯದು. ಕರೆಂಟಿನ ರಿಕ್ಷಾದವರು ನಾಲ್ಕು ಬೆಟರಿಗಳ ಸಾಲಿನಲ್ಲಿ ಒಂದರಿಂದ ಮಾತ್ರ 12 ವೋಲ್ಟು ಕದಿಯಬಾರದು. ನಾಲ್ಕು ಎತ್ತುಗಳಲ್ಲಿ ಒಂದಕ್ಕೇ ಹೆಚ್ಚು ದುಡಿಮೆ ಕೊಟ್ಟಂತಾಗಿ ಅದು ಮೊದಲು ಬೀಳುತ್ತದೆ, ಅದರ ಹಿಂದೆ ಉಳಿದವೂ. ಅದರ ದೀಪ, ಹಾರನ್ನಿಗೆ ಕೊಡುವ 12 ವೋಲ್ಟಿನ ಲೈನಿನಿಂದಲೇ ತೆಗೆಯಬೇಕು.

ಸೆಲ್ಲು ಕೊಳ್ಳುವಾಗ ಒಂದು ಎಚ್ಚರ. 18650 ಅಳತೆಯ ಸೆಲ್ಲಿನ ಮೇಲೆ 9900 ಎಂದು ಬರೆದುದನ್ನು ಸಂತೆಗಳಲ್ಲಿ ನೋಡಿದ್ದೇನೆ. ಆ ಗಾತ್ರದಲ್ಲಿ ಹೆಸರಾಂತ ಕಂಪೆನಿಗಳವೂ 3500ರ ಆಸುಪಾಸಿನವು. ಕೈಯಲ್ಲಿ ಹಗುರವಾಗಿ ತೂಗುವುದನ್ನು ಕೊಳ್ಳಬೇಡಿ. ಉಬ್ಬಿದ, ಹೊದಿಕೆ ಹರಿದ ಸೆಲ್ಲನ್ನು ಚಾರ್ಜಿಗೆ ಇಡಬೇಡಿ; ಒಲೆಗೆ ಹಾಕುವುದಂತೂ ಕೂಡದು. ಇನ್ನೊಂದು, ಎರಡೂ ತುದಿ ಒಂದೇ ರೀತಿ ಅಂಡಾಕಾರವಾಗಿರುವ ಹೊಸ ಸಿ ಬಗೆಯ ವಯರಿನಿಂದ ಕೆಲವು ಅಗ್ಗದ ಟಾರ್ಚುಗಳು ಚಾರ್ಜೇ ಆಗುವುದಿಲ್ಲ. ಟಾರ್ಚು ಹಾಳಾಯಿತೆಂದು ಬಿಸಾಡಬೇಡಿ, ಒಂದು ತುದಿ ಹಳೆಯ ಚಪ್ಪಟೆ ಬಾಯಿಯ ವಯರು ಹಾಕಿ ನೋಡಿ.

ನನ್ನ ಜೀಪಿಗೆ ಎರಡನೆಯ ಸಲ ವಯರು ಹಾಕುವಾಗ ಆ ರಿಕ್ಷಾದವರನ್ನೇ ಕರೆದೆ. ಅವರು ಫ್ಯೂಸಿನ ಗೂಡನ್ನು ಬೆಟರಿಯ ಪಕ್ಕದಲ್ಲಿ ಕಟ್ಟಿ, ಅದರ ಮುಚ್ಚಳದೊಳಗೆ ನೇರಳೆ ಬಣ್ಣದ ಇನ್ನೆರಡು ಫ್ಯೂಸುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟರು. ಸ್ಪಾನರನ್ನು ಚೀಲಗಳ ಅಡಿಯಿಂದ ತೆಗೆದು ಬಾನೆಟ್ಟಿನ ಒಳಬದಿಗೆ ಕಟ್ಟಿದವರೂ ಅವರೇ. ವರ್ಷಕ್ಕೊಮ್ಮೆ, ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು, ವಯರನ್ನು ಬೆಟರಿಯಿಂದ ತುದಿಯವರೆಗೆ ಕೈಯಲ್ಲಿ ಸವರಿ ನೋಡುತ್ತೇವೆ. ಕಳೆದ ಸಲ ಒಂದು ಕಡೆ ಇಲಿ ಕಡಿದಿತ್ತು.